ನಾಲ್ಕು ಮೀಟರಿನೊಳಗಿನ ಸಂಸಾರ

ಗೃಹಸ್ಥನು ಮೋಟಾರನ್ನು ಕೊಳ್ಳಹೊರಟಾಗ ಬೆಲೆಯನ್ನು ವಿಚಾರಿಸುವನು, ಬಣ್ಣವನ್ನು ಆರಿಸುವನು. ಅದರ ಉದ್ದವನ್ನು ಕೇಳುವವರು ವಿರಳ. ಆದರೆ ನಮ್ಮ ದೇಶದ ಸಣ್ಣ ಸೆಡಾನ್ ಕಾರು ಇಂದಿನ ರೂಪವನ್ನು ತಾಳಿದುದಕ್ಕೆ ತೆರಿಗೆಯ ಅಳತೆಗೋಲೇ ಮುಖ್ಯ ಕಾರಣವೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಮಾರುತಿ ಸುಜುಕಿಯವರ ಡಿಜೈರ್ ಕಾರಿನ ನಾಲ್ಕು ತಲೆಮಾರುಗಳ ಚರಿತ್ರೆಯು ಇದಕ್ಕೆ ಸಾಕ್ಷಿಯಾಗಿದೆ.

2006ರ ಆಯವ್ಯಯದಲ್ಲಿ ಕೇಂದ್ರ ಸರ್ಕಾರವು ಸಣ್ಣ ಕಾರುಗಳ ಉತ್ಪಾದನಾ ಸುಂಕವನ್ನು ನೂರಕ್ಕೆ 24ರಿಂದ 16ಕ್ಕೆ ಇಳಿಸಿತು. ಈ ರಿಯಾಯಿತಿಗೆ ಕಟ್ಟಳೆಯೊಂದಿತ್ತು: ಕಾರಿನ ಉದ್ದವು 4 ಮೀಟರನ್ನು ಮೀರಕೂಡದು, ಎಂಜಿನ್ನು ಪೆಟ್ರೋಲಿನದಾದರೆ 1,200 ಸಿ.ಸಿ.ಯನ್ನೂ ಡೀಸೆಲಿನದಾದರೆ 1,500 ಸಿ.ಸಿ.ಯನ್ನೂ ದಾಟಕೂಡದು.

2008ರಲ್ಲಿ ಮೊದಲನೆಯ ಡಿಜೈರ್ ಹೊರಬಂದಿತು. ಸ್ವಿಫ್ಟ್ ಎಂಬ ಗಿಡ್ಡ ಕಾರಿಗೆ ಹಿಂದುಗಡೆ ಡಿಕ್ಕಿಯೊಂದನ್ನು ಬೆಸೆದು ಮಾಡಿದ ಬಂಡಿ ಅದು. ನೋಟಕ್ಕೆ ಅಷ್ಟೇನೂ ಸೊಗಸಾಗಿರಲಿಲ್ಲ. ಆದರೆ ಡಿಕ್ಕಿಯಲ್ಲಿ 440 ಲೀಟರಿನಷ್ಟು ಸ್ಥಳವಿದ್ದುದರಿಂದ ಮದುವೆ, ಯಾತ್ರೆಗಳಿಗೆ ಹೊರಟ ಕುಟುಂಬದ ಗಂಟುಮೂಟೆಗಳು ಸುಖವಾಗಿ ಹಿಡಿಯುತ್ತಿದ್ದವು. ಉದ್ದವು 4,160 ಮಿಲಿಮೀಟರ್ ಇದ್ದುದರಿಂದ ರಿಯಾಯಿತಿಯು ಮಾತ್ರ ದೊರೆಯಲಿಲ್ಲ.

2012ರಲ್ಲಿ ಎರಡನೆಯ ತಲೆಮಾರು ಬಂದಾಗ ತಯಾರಕರು ಅದರ ಬಾಲವನ್ನು ಕತ್ತರಿಸಿದರು. ಉದ್ದವು 3,995 ಮಿಲಿಮೀಟರಿಗೆ ಇಳಿಯಿತು. ಪೆಟ್ರೋಲ್ ಎಂಜಿನ್ನು ಅದಕ್ಕೆ ಮೊದಲೇ 1,200 ಸಿ.ಸಿ.ಯೊಳಗೆ ಬಂದಿತ್ತು. ಸುಂಕವೇನೋ ಉಳಿಯಿತು, ಆದರೆ ಡಿಕ್ಕಿಯು 316 ಲೀಟರಿಗೆ ಕುಗ್ಗಿತು. ಉಳಿತಾಯದ ಬೆಲೆಯನ್ನು ಗಂಟುಮೂಟೆಗಳು ತೆತ್ತವೆನ್ನಬಹುದು.

ಕಳೆದುಕೊಂಡುದನ್ನು ಅದೇ ಅಳತೆಯೊಳಗೆ ಮರಳಿ ಪಡೆಯುವುದು ಹೇಗೆ? ಮುಂದಿನ ತಲೆಮಾರುಗಳ ಶ್ರಮವೆಲ್ಲ ಈ ಪ್ರಶ್ನೆಗೇ ಮೀಸಲಾಯಿತು. 2017ರ ಮೂರನೆಯ ಡಿಜೈರಿನಲ್ಲಿ ಉದ್ದವನ್ನು ಹೆಚ್ಚಿಸದೆ ಮುಂದಿನ ಹಿಂದಿನ ಗಾಲಿಗಳ ಅಂತರವನ್ನು 20 ಮಿಲಿಮೀಟರಿನಷ್ಟು ಹಿಗ್ಗಿಸಿದರು. ಡಿಕ್ಕಿಯು 378 ಲೀಟರಾಯಿತು. ಕಾರಿನ ತೂಕವು ತಗ್ಗಿತು. ಅಗ್ಗದ ಮಾದರಿಗೂ ಎರಡು ಏರ್‌ಬ್ಯಾಗುಗಳು ದೊರೆತವು. 2020ರಲ್ಲಿ ಹೊಗೆಯ ನಿಯಮಗಳು ಬಿಗಿಯಾದಾಗ ಡೀಸೆಲ್ ಎಂಜಿನ್ನು ನಿಂತುಹೋಯಿತು.

2024ರ ನವೆಂಬರಿನಲ್ಲಿ ಬಂದ ನಾಲ್ಕನೆಯದು ನಾಲ್ಕು ಸಿಲಿಂಡರುಗಳ ಬದಲಿಗೆ ಮೂರನ್ನುಳ್ಳ ಎಂಜಿನ್ನನ್ನು ಪಡೆಯಿತು. ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗುಗಳು ಲಭಿಸಿದವು. ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಐದು ತಾರೆಗಳನ್ನೂ ಮಕ್ಕಳ ರಕ್ಷಣೆಗೆ ನಾಲ್ಕನ್ನೂ ಅದು ಗಳಿಸಿತು.

2025ರ ಸೆಪ್ಟೆಂಬರಿನಲ್ಲಿ ಸಣ್ಣ ಕಾರುಗಳ ತೆರಿಗೆಯು ನೂರಕ್ಕೆ 18ಕ್ಕೆ ಇಳಿದಾಗಲೂ 4 ಮೀಟರಿನ ಗೆರೆಯು ಅಳಿಯಲಿಲ್ಲ. ಆ ಗೆರೆಯೊಳಗೇ ಮಕ್ಕಳ ಪ್ರಾಣರಕ್ಷಣೆಗೂ ಸ್ಥಳವುಂಟೆಂಬುದು ಈಗ ಸಿದ್ಧವಾಗಿದೆ. ಆದುದರಿಂದ ಕಾರಿನ ಹೊಳಪನ್ನು ನೋಡುವ ಮೊದಲೇ ಗೃಹಸ್ಥನು ತಾರೆಗಳ ಲೆಕ್ಕವನ್ನು ಕೇಳುವುದು ಲೇಸು.