ಹರಾಜಿನ ಮೀಸಲು ಬೆಲೆ: ಎತ್ತರಿಸಿದರೆ ಯಾರಿಗೆ ಲಾಭ?

ಪೀಣ್ಯ ಕೈಗಾರಿಕಾ ಪ್ರದೇಶದ ಉದ್ಯಮಿಗಳು ದಿನಪತ್ರಿಕೆಯ ಮುಖಪುಟದಷ್ಟೇ ಗಮನವಿಟ್ಟು ಓದುವ ಇನ್ನೊಂದು ಪುಟವಿದೆ. ಅದು ಬ್ಯಾಂಕುಗಳ ಹರಾಜು ಪ್ರಕಟಣೆಗಳ ಪುಟ. ಸಣ್ಣ ಅಕ್ಷರಗಳಲ್ಲಿ ಶೆಡ್ಡಿನ ಸಂಖ್ಯೆ, ಚಕ್ಕುಬಂದಿ, ಸಾಲಗಾರರ ಮತ್ತು ಜಾಮೀನುದಾರರ ಹೆಸರು, ಬಾಕಿಯ ಮೊತ್ತ. ಕೊನೆಯಲ್ಲಿ ದಪ್ಪ ಅಕ್ಷರಗಳಲ್ಲಿ ಮೀಸಲು ಬೆಲೆ. ಪರಿಚಿತರ ಹೆಸರು ಕಂಡಾಗ ಮನಸ್ಸು ಮುದುಡುವುದು ಸಹಜ. ಆದರೂ ಕಣ್ಣು ಮೊದಲು ಹೋಗುವುದು ಆ ಅಂಕಿಯತ್ತಲೇ.

ಆ ಅಂಕಿಯ ಮೇಲೆ ಹಲವರ ಬದುಕು ನಿಂತಿರುತ್ತದೆ. ಸಾಲ ಮಾಡಿದವನಿಗೆ ಇಪ್ಪತ್ತು ವರ್ಷ ದುಡಿದು ಕಟ್ಟಿದ ಶೆಡ್ಡಿಗೆ ಸಿಗುವ ಕೊನೆಯ ಬೆಲೆ ಅದು. ಜಾಮೀನು ನಿಂತ ಬಂಧುವಿಗೆ, ತನ್ನ ಮನೆ ಉಳಿಯುವುದೋ ಇಲ್ಲವೋ ಎಂಬ ಪ್ರಶ್ನೆ. ಕೊಳ್ಳಲು ಹೊರಟ ನೆರೆಯ ಕಾರ್ಖಾನೆಯವನಿಗೆ, ವಿಸ್ತರಣೆಯ ಕನಸು ಕೈಗೆಟಕುವುದೇ ಎಂಬ ಲೆಕ್ಕ. ಇಷ್ಟಾದರೂ ಮೀಸಲು ಬೆಲೆ ಹರಾಜಿನ ಕೂಗಿನ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬ ಚರ್ಚೆ ನಮ್ಮ ವಾಣಿಜ್ಯ ವಲಯದಲ್ಲಿ ನಡೆದಿರುವುದು ವಿರಳ. ಬೆಲೆ ಎತ್ತರಕ್ಕೆ ನಿಗದಿಯಾದಷ್ಟೂ ಮಾರುವವನಿಗೆ ರಕ್ಷಣೆ ಎಂಬುದು ಸಾಮಾನ್ಯ ನಂಬಿಕೆ. ಈ ನಂಬಿಕೆ ಅರ್ಧ ಮಾತ್ರ ನಿಜ.

ಕಾನೂನು ಹೇಳುವುದೇನು

2002ರ ಸರ್ಫೇಸಿ ಕಾಯ್ದೆಯಡಿ ರೂಪಿತವಾದ ಜಾರಿ ನಿಯಮಗಳ ಪ್ರಕಾರ, ಬ್ಯಾಂಕಿನ ಅಧಿಕೃತ ಅಧಿಕಾರಿಯು ಅನುಮೋದಿತ ಮೌಲ್ಯಮಾಪಕರಿಂದ ಆಸ್ತಿಯ ಮೌಲ್ಯವನ್ನು ಪಡೆದು, ಸಾಲ ನೀಡಿದ ಸಂಸ್ಥೆಯೊಡನೆ ಸಮಾಲೋಚಿಸಿ ಮೀಸಲು ಬೆಲೆಯನ್ನು ನಿಗದಿಪಡಿಸಬೇಕು. ಸ್ಥಿರಾಸ್ತಿಯ ಮಾರಾಟ ಪ್ರಕಟಣೆಯಲ್ಲಿ ಅದನ್ನು ಬಹಿರಂಗವಾಗಿ ನಮೂದಿಸಬೇಕು. ಆ ಬೆಲೆಗಿಂತ ಕಡಿಮೆ ಮೊತ್ತಕ್ಕೆ ಮಾರಾಟ ಸ್ಥಿರೀಕರಣವಾಗುವಂತಿಲ್ಲ. ಮೀಸಲು ಬೆಲೆಯನ್ನು ಮೀರಿದ ಕೂಗು ಬರದಿದ್ದರೆ, ಸಾಲಗಾರ ಹಾಗೂ ಬ್ಯಾಂಕು ಇಬ್ಬರೂ ಒಪ್ಪಿದಲ್ಲಿ ಮಾತ್ರ ಬಂದ ಬೆಲೆಗೆ ಮಾರಬಹುದು. ಈ ಕೊನೆಯ ಅವಕಾಶ ನಿಯಮದ ಪುಸ್ತಕದಲ್ಲಿದೆ. ಬಳಕೆಯಲ್ಲಿ ಕಾಣುವುದು ಅಪರೂಪ. ಪರಸ್ಪರ ಮಾತು ನಿಂತುಹೋದ ಮೇಲಲ್ಲವೇ ಹರಾಜಿನ ಹಂತ ಬರುವುದು!

ಹರಾಜು ವಿಫಲವಾದರೆ ಮತ್ತೆ ಪ್ರಕಟಣೆ, ಮತ್ತೆ ಹರಾಜು. ಮೊದಲ ಬಾರಿಗೆ 30 ದಿನಗಳ ನೋಟಿಸು ಬೇಕಾದರೆ ಮರುಹರಾಜಿಗೆ 15 ದಿನ ಸಾಕು.

ಮುಂಬೈನ ಮನೆ, ಗೋವಾದ ಬಂಗಲೆ

ಮೀಸಲು ಬೆಲೆ ಎತ್ತರವಾದಾಗ ಆಗುವುದೇನೆಂಬುದಕ್ಕೆ ಬೆಂಗಳೂರಿನ ಯುಬಿ ಸಮೂಹಕ್ಕೆ ಸೇರಿದ್ದ ಕಿಂಗ್‌ಫಿಷರ್ ಏರ್‌ಲೈನ್ಸ್‌ನ ಆಸ್ತಿಗಳಿಗಿಂತ ಸ್ಪಷ್ಟವಾದ ಉದಾಹರಣೆ ಸಿಗಲಾರದು. ಮುಂಬೈ ವಿಮಾನ ನಿಲ್ದಾಣದ ಬಳಿಯ ಕಿಂಗ್‌ಫಿಷರ್ ಹೌಸ್ 2016ರ ಮಾರ್ಚ್‌ನಲ್ಲಿ ಹರಾಜಿಗೆ ಬಂದಾಗ ಮೀಸಲು ಬೆಲೆ 150 ಕೋಟಿ ರೂಪಾಯಿ. ಒಬ್ಬರೂ ಕೂಗಲಿಲ್ಲ. ಅದೇ ವರ್ಷ ಬೆಲೆ 135 ಕೋಟಿಗೆ, ಬಳಿಕ 115 ಕೋಟಿಗೆ ಇಳಿಯಿತು. 2017ರಲ್ಲಿ 103.5 ಕೋಟಿಗೆ ಬಂತು. ಆಗಲೂ ಕೊಳ್ಳುವವರಿಲ್ಲ. ಕಟ್ಟಡ ಕೊನೆಗೆ ಮಾರಾಟವಾದದ್ದು 2021ರಲ್ಲಿ, 52.25 ಕೋಟಿ ರೂಪಾಯಿಗೆ. ಮೊದಲು ಕೇಳಿದ ಬೆಲೆಯ ಮೂರನೇ ಒಂದಕ್ಕಿಂತ ತುಸು ಹೆಚ್ಚು. ಸಂಸ್ಥೆಯ ವಾಣಿಜ್ಯ ಚಿಹ್ನೆಗಳನ್ನು 2016ರ ಏಪ್ರಿಲ್‌ನಲ್ಲಿ 366.70 ಕೋಟಿಯ ಮೀಸಲು ಬೆಲೆಗೆ ಇಟ್ಟಾಗಲೂ ಹರಾಜುಕಟ್ಟೆ ಖಾಲಿಯೇ ಉಳಿಯಿತು. ಹಾರಾಟ ನಿಲ್ಲಿಸಿದ ವಿಮಾನ ಸಂಸ್ಥೆಯ ಹೆಸರಿಗೆ ಅಷ್ಟು ಹಣ ಯಾರು ಕೊಟ್ಟಾರೆಂದು ಬ್ಯಾಂಕುಗಳು ಎಣಿಸಿದ್ದವೋ ತಿಳಿಯದು.

ಇದೇ ಖಾತೆಯ ಗೋವಾದ ಬಂಗಲೆಯ ಕಥೆ ಬೇರೆ. 2016ರ ಅಕ್ಟೋಬರ್‌ನಲ್ಲಿ 85.29 ಕೋಟಿ, ಡಿಸೆಂಬರ್‌ನಲ್ಲಿ 81 ಕೋಟಿ, ಮುಂದಿನ ಮಾರ್ಚ್‌ನಲ್ಲಿ 73 ಕೋಟಿ. ಮೂರೂ ಬಾರಿ ಹರಾಜು ವಿಫಲವಾದರೂ, 2017ರ ಏಪ್ರಿಲ್‌ನಲ್ಲಿ ಖಾಸಗಿ ಒಪ್ಪಂದದ ಮೂಲಕ 73.01 ಕೋಟಿಗೆ ವ್ಯವಹಾರ ಕುದುರಿತು. ಎರಡೂ ಆಸ್ತಿಗಳ ಗುಣ ಬೇರೆ, ನೆಲೆ ಬೇರೆ, ನಿಜ. ಆದರೆ ಒಂದು ಆರೇಳು ತಿಂಗಳಲ್ಲಿ ಮುಗಿದು ಮೊದಲ ಬೆಲೆಯ ಶೇಕಡ 85ರಷ್ಟನ್ನು ತಂದಿತು. ಇನ್ನೊಂದು ಐದು ವರ್ಷ ಎಳೆದು ಶೇಕಡ 35ಕ್ಕೆ ಬಂದು ನಿಂತಿತು.

ಪ್ರತಿಯೊಂದು ವಿಫಲ ಹರಾಜೂ ಮಾರುಕಟ್ಟೆಗೆ ಒಂದು ಸಂದೇಶ ಕಳುಹಿಸುತ್ತದೆ. ‘ಯಾರೂ ಮುಟ್ಟಲಿಲ್ಲವೆಂದರೆ ದಾಖಲೆಯಲ್ಲಿ ಏನೋ ತೊಡಕಿರಬೇಕು’ ಎಂಬ ಅನುಮಾನ ಒಂದು ಕಡೆ; ‘ಕಾದರೆ ಇನ್ನೂ ಇಳಿಯುತ್ತದೆ’ ಎಂಬ ನಿರೀಕ್ಷೆ ಇನ್ನೊಂದು ಕಡೆ. ಎರಡೂ ಸೇರಿ, ಕೊಳ್ಳುವ ಶಕ್ತಿಯಿರುವವನನ್ನೂ ಮನೆಯಲ್ಲೇ ಕೂರಿಸುತ್ತವೆ.

ನವಿ ಮುಂಬೈನ ಕೈಗಾರಿಕಾ ಆಸ್ತಿಯೊಂದರ ಪ್ರಕರಣ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2023ರ ಸೆಪ್ಟೆಂಬರ್‌ನಲ್ಲಿ ತೀರ್ಮಾನವಾಯಿತು. ಸೆಲಿರ್ ವಿರುದ್ಧ ಬಾಫ್ನಾ ಮೋಟಾರ್ಸ್ ಎಂದು ಹೆಸರಾದ ಆ ಪ್ರಕರಣದಲ್ಲಿ ಎಂಟು ಹರಾಜುಗಳು ವಿಫಲವಾಗಿದ್ದವು. ಒಂಬತ್ತನೆಯದರಲ್ಲಿ ಮೀಸಲು ಬೆಲೆ 105 ಕೋಟಿ. ಬಂದ ಕೂಗು 105.05 ಕೋಟಿ. ಎಂದರೆ ಐದು ಲಕ್ಷ ಮಾತ್ರ ಹೆಚ್ಚು. ಪೈಪೋಟಿಯಿಲ್ಲದ ಹರಾಜಿನಲ್ಲಿ ಮೀಸಲು ಬೆಲೆಯೇ ಮಾರಾಟ ಬೆಲೆಯಾಗುತ್ತದೆ. ಬಳಿಕ ಸಾಲಗಾರರು ಉಚ್ಚ ನ್ಯಾಯಾಲಯದ ಮೂಲಕ 129 ಕೋಟಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳಲು ಹೊರಟರು. 2016ರ ತಿದ್ದುಪಡಿಯ ನಂತರ ಹರಾಜು ಪ್ರಕಟಣೆ ಹೊರಬೀಳುವವರೆಗೆ ಮಾತ್ರ ಆ ಹಕ್ಕು ಉಳಿಯುತ್ತದೆ ಎಂದು ಹೇಳಿದ ಸರ್ವೋಚ್ಚ ನ್ಯಾಯಾಲಯ ಹರಾಜುದಾರನ ಪರ ತೀರ್ಪಿತ್ತಿತು. ಪೀಣ್ಯದ ಸಣ್ಣ ಉದ್ಯಮಿಗಳು ತಮ್ಮ ಲೆಕ್ಕಿಗರೊಡನೆ ಕುಳಿತು ಅರಿತುಕೊಳ್ಳಬೇಕಾದ ತೀರ್ಪು ಇದು. ಕಡೆಯ ದಿನ ಹಣ ಹೊಂದಿಸಿ ಬಿಡಿಸಿಕೊಳ್ಳಬಹುದೆಂದು ನೆಚ್ಚಿ ಕುಳಿತವರು ಇನ್ನೂ ಅನೇಕರಿದ್ದಾರೆ.

ಕೆಳಗಿನಿಂದ ಕೂಗಿದರೆ

ಇದಕ್ಕೆ ತದ್ವಿರುದ್ಧವಾದ ಪದ್ಧತಿ ಅಮೆರಿಕದ ಕಾಮಿಕ್ಸ್ ಚಿತ್ರಗಳ ಮಾರುಕಟ್ಟೆಯಲ್ಲಿ ಬಳಕೆಯಲ್ಲಿದೆ. ಅಲ್ಲಿನ ದೊಡ್ಡ ಹರಾಜು ಸಂಸ್ಥೆಗಳು ಬಹುಪಾಲು ವಸ್ತುಗಳನ್ನು ಮೀಸಲು ಬೆಲೆಯಿಲ್ಲದೆ, ಇಲ್ಲವೇ ಅಂದಾಜಿಗಿಂತ ತೀರ ಕೆಳಗಿನ ಆರಂಭದ ಬೆಲೆಗೆ ಇಡುತ್ತವೆ. 2022ರ ಜನವರಿಯಲ್ಲಿ ಡಲ್ಲಾಸ್‌ನ ಹೆರಿಟೇಜ್ ಸಂಸ್ಥೆ 1984ರ ಸ್ಪೈಡರ್‌ಮ್ಯಾನ್ ಕಥೆಯೊಂದರ ಒಂದೇ ಪುಟದ ಮೂಲ ರೇಖಾಚಿತ್ರವನ್ನು ಹರಾಜಿಗಿಟ್ಟಿತು. ಮೈಕ್ ಜೆಕ್ ಬರೆದ ಆ ಪುಟಕ್ಕೆ ಕೂಗು ಆರಂಭವಾದದ್ದು 3.3 ಲಕ್ಷ ಡಾಲರ್‌ಗೆ, ಮುಗಿದದ್ದು 33.6 ಲಕ್ಷ ಡಾಲರ್‌ಗೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2018ರ ಜನವರಿಯಲ್ಲಿ ಬೆಂಗಳೂರಿನಲ್ಲೇ ನಡೆದ ಐಪಿಎಲ್ ಹರಾಜಿನಲ್ಲಿ ಕರ್ನಾಟಕದ ಕೆ. ಗೌತಮ್ ಅವರ ಮೂಲ ಬೆಲೆ 20 ಲಕ್ಷ ರೂಪಾಯಿ, ಮಾರಾಟವಾದದ್ದು 6.2 ಕೋಟಿಗೆ. ಅದೇ ಹರಾಜಿನಲ್ಲಿ 2 ಕೋಟಿಯ ಮೂಲ ಬೆಲೆಯಿದ್ದ ಕ್ರಿಸ್ ಗೇಲ್ ಹೆಸರು ಎರಡು ಬಾರಿ ಬಂದರೂ ಯಾರೂ ಕೈ ಎತ್ತಲಿಲ್ಲ. ಮೂರನೆಯ ಸಲ ಮೂಲ ಬೆಲೆಗೇ ಹೋದರು.

ಕೆಳಗಿನ ಬೆಲೆ ಜನರನ್ನು ಕಟ್ಟೆಗೆ ಕರೆತರುತ್ತದೆ. ಬಂದು ಕುಳಿತವನಿಗೆ ಪಕ್ಕದವನ ಕೂಗೇ ವಸ್ತುವಿನ ಮೌಲ್ಯಕ್ಕೆ ಸಾಕ್ಷಿಯಾಗುತ್ತದೆ. ಅರ್ಥಶಾಸ್ತ್ರಜ್ಞರು ಈ ವಿಷಯವನ್ನು ಗಣಿತದಲ್ಲಿಟ್ಟು ನೋಡಿದ್ದಾರೆ. ಮಾರುವವನು ತನ್ನ ದೃಷ್ಟಿಯಲ್ಲಿ ವಸ್ತುವಿಗಿರುವ ಬೆಲೆಗಿಂತ ಸ್ವಲ್ಪ ಮೇಲೆಯೇ ಮೀಸಲು ಬೆಲೆ ಇಡುವುದು ಲಾಭಕರವೆಂದು 1981ರಲ್ಲಿ ತೋರಿಸಿದವರು ರೋಜರ್ ಮೈಯರ್ಸನ್. 2007ರಲ್ಲಿ ಅವರಿಗೆ ನೊಬೆಲ್ ಗೌರವ ದೊರೆಯಿತು. ಆದರೆ 1996ರಲ್ಲಿ ಜೆರೆಮಿ ಬುಲೋ ಮತ್ತು ಪಾಲ್ ಕ್ಲೆಂಪರರ್ ಇನ್ನೊಂದು ಮಾತು ಸೇರಿಸಿದರು: ಕೊಳ್ಳುವವರೆಲ್ಲ ಒಂದೇ ಬಗೆಯವರಾಗಿ, ತಮ್ಮ ತಮ್ಮ ಲೆಕ್ಕದಲ್ಲಿ ಕೂಗುವವರಾಗಿದ್ದರೆ, ಎಷ್ಟೇ ಜಾಣತನದಿಂದ ನಿಗದಿಪಡಿಸಿದ ಮೀಸಲು ಬೆಲೆಗಿಂತಲೂ ಹೆಚ್ಚಿಗೆ ಬಂದ ಒಬ್ಬ ಕೂಗುದಾರ ಮಾರುವವನಿಗೆ ಹೆಚ್ಚು ಲಾಭ ತರುತ್ತಾನೆ.

ಹಾಗೆಂದು ಎಲ್ಲ ಹರಾಜಿಗೂ ಈ ಸೂತ್ರ ಹೊಂದುವುದಿಲ್ಲ. ಕಾಮಿಕ್ಸ್ ಪುಟಕ್ಕೆ ಜಗತ್ತಿನಾದ್ಯಂತ ಕೊಳ್ಳುವವರಿದ್ದಾರೆ. ಒಂದೇ ಬಿಡಿಭಾಗಕ್ಕೆಂದು ಹೇಳಿ ಮಾಡಿಸಿದ ವಿಶೇಷ ಯಂತ್ರಕ್ಕೆ ಪೀಣ್ಯ, ಬೊಮ್ಮಸಂದ್ರ, ಹೊಸೂರುಗಳನ್ನೆಲ್ಲ ಸುತ್ತಿದರೂ ಮೂವರು ಸಿಕ್ಕರೆ ಹೆಚ್ಚು. ಆ ಮೂವರೂ ಪರಸ್ಪರ ಪರಿಚಿತರು. ಹರಾಜಿನ ಹಿಂದಿನ ಸಂಜೆ ಚಹಾದ ಅಂಗಡಿಯಲ್ಲಿ ಯಾರು ಕೂಗಬೇಕು, ಯಾರು ಸುಮ್ಮನಿರಬೇಕು ಎಂಬ ಒಳಒಪ್ಪಂದವಾದರೆ, ಮೀಸಲು ಬೆಲೆಯೊಂದೇ ಸಾಲಗಾರನ ಪಾಲಿನ ಕಾವಲುಗಾರ. ವೈಟ್‌ಫೀಲ್ಡ್ ಕಡೆಯ ಕಂಪನಿಗಳು ವಿಲೇವಾರಿ ಮಾಡುವ ಹಳೆಯ ಕಂಪ್ಯೂಟರುಗಳ ಸ್ಥಿತಿಯೂ ಬಹುಮಟ್ಟಿಗೆ ಇದೇ. ಇ-ತ್ಯಾಜ್ಯ ನಿಯಮಗಳಂತೆ ಅವು ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕಾದ್ದರಿಂದ ಕೂಗುವವರ ಸಂಖ್ಯೆ ಮಿತವಾಗಿರುತ್ತದೆ.

ಶೆಡ್ಡು ಮತ್ತು ನಿವೇಶನದ ಮಾತು ಬೇರೆ. ಪೀಣ್ಯದಲ್ಲಿ ಜಾಗ ಬೇಕಾದವರು ಎಲ್ಲ ಬಗೆಯ ಉದ್ಯಮಗಳಲ್ಲೂ ಇದ್ದಾರೆ. ಹೀಗಿರುವಾಗ ಶೆಡ್ಡು, ಯಂತ್ರಗಳೆರಡನ್ನೂ ಒಂದೇ ಗಂಟಾಗಿ ಕಟ್ಟಿ ಒಂದೇ ಮೀಸಲು ಬೆಲೆಯಡಿ ಹರಾಜಿಗಿಡುವ ಪರಿಪಾಠ ಮಾರುವವನ ಹಿತಕ್ಕೆ ಹೊಂದುವುದಿಲ್ಲ. ಜಾಗ ಬೇಕಾದವನಿಗೆ ಹಳೆಯ ಲೇತು ಬೇಡ. ಲೇತು ಬೇಕಾದವನಿಗೆ ಜಾಗ ಕೊಳ್ಳುವ ಶಕ್ತಿಯಿಲ್ಲ. ಇಬ್ಬರೂ ದೂರ ಉಳಿಯುತ್ತಾರೆ.

ಮುಚ್ಚಿದ ಬೆಲೆ

ಗುಜರಿ ವ್ಯಾಪಾರಿಗಳಿಗೆ ಇನ್ನೊಂದು ಬಗೆಯ ಮೀಸಲು ಬೆಲೆಯ ಪರಿಚಯವಿದೆ. ಎಂಎಸ್‌ಟಿಸಿ ಮೂಲಕ ನಡೆಯುವ ಹಲವು ಇ-ಹರಾಜುಗಳಲ್ಲಿ ಮಾರುವವನ ಕನಿಷ್ಠ ಬೆಲೆ ಗುಪ್ತವಾಗಿರುತ್ತದೆ. ಕೂಗು ಅದನ್ನು ಮುಟ್ಟದಿದ್ದರೆ ‘ಅನುಮೋದನೆಗೆ ಒಳಪಟ್ಟು’ ಎಂಬ ಷರಾದೊಡನೆ ವ್ಯವಹಾರ ತೂಗಾಡುತ್ತದೆ. ವ್ಯಾಪಾರಿಯ ಠೇವಣಿಯೂ ಅಷ್ಟು ದಿನ ಕಟ್ಟಿಬಿದ್ದಿರುತ್ತದೆ. ಬೆಲೆಯನ್ನು ಮುಚ್ಚಿಟ್ಟರೆ ಕೂಗು ತಾನಾಗಿ ಏರುತ್ತದೆ ಎಂಬ ಎಣಿಕೆ ಇದರ ಹಿಂದಿದೆ. ಅಮೆರಿಕದಲ್ಲಿ ರಮಾ ಕಾತ್ಕರ್ ಮತ್ತು ಡೇವಿಡ್ ರೈಲಿ ಎಂಬ ಸಂಶೋಧಕರು ಮಕ್ಕಳು ಸಂಗ್ರಹಿಸುವ ಪೊಕೆಮಾನ್ ಚೀಟಿಗಳ 50 ಜೋಡಿಗಳನ್ನು ಇಬೇ ತಾಣದಲ್ಲಿ ಹರಾಜಿಗಿಟ್ಟು ಇದನ್ನು ಪರೀಕ್ಷಿಸಿದರು. ಪ್ರತಿ ಜೋಡಿಯಲ್ಲೂ ಒಂದಕ್ಕೆ ಬಹಿರಂಗ ಕನಿಷ್ಠ ಬೆಲೆ, ಇನ್ನೊಂದಕ್ಕೆ ಅದೇ ಮೊತ್ತದ ಗುಪ್ತ ಬೆಲೆ. 2006ರಲ್ಲಿ ಪ್ರಕಟವಾದ ಫಲಿತಾಂಶ ಎಣಿಕೆಗೆ ವಿರುದ್ಧವಾಗಿತ್ತು. ಗುಪ್ತ ಬೆಲೆಯ ಚೀಟಿಗಳು ಮಾರಾಟವಾದದ್ದೂ ಕಡಿಮೆ, ತಂದ ಹಣವೂ ಕಡಿಮೆ.

ಸಾಲಗಾರನ ಲೆಕ್ಕ, ಕೊಳ್ಳುವವನ ಲೆಕ್ಕ

ಹರಾಜಿಗೆ ಬಂದ ಉದ್ಯಮಿ ಸಾಮಾನ್ಯವಾಗಿ ಮಾಡುವ ತಕರಾರು, ಮೀಸಲು ಬೆಲೆ ಕಡಿಮೆಯಾಯಿತು ಎಂಬುದು. ಕೆಲವೊಮ್ಮೆ ಅದು ನ್ಯಾಯವೂ ಹೌದು. ಹಳೆಯ ಮೌಲ್ಯಮಾಪನದ ಮೇಲೆ ಬೆಲೆ ಕಟ್ಟಿದ್ದರೆ, ರಸ್ತೆಯ ಮುಖವನ್ನೋ ವಿದ್ಯುತ್ ಸಂಪರ್ಕದ ಸಾಮರ್ಥ್ಯವನ್ನೋ ಲೆಕ್ಕಕ್ಕೆ ಹಿಡಿಯದಿದ್ದರೆ, ಸಾಲ ವಸೂಲಾತಿ ನ್ಯಾಯಮಂಡಳಿಯ ಬಾಗಿಲು ತಟ್ಟಲೇಬೇಕು. ಆದರೆ ಬೆಲೆಯನ್ನು ಮಾರುಕಟ್ಟೆಗಿಂತ ಮೇಲಕ್ಕೆ ಎತ್ತಿಸಿ ಗೆದ್ದವನು ತನ್ನ ಬಡ್ಡಿಯ ಲೆಕ್ಕವನ್ನೂ ನೋಡಬೇಕಾಗುತ್ತದೆ. ಎರಡು ಕೋಟಿ ಬಾಕಿಗೆ ಶೇಕಡ 12ರಂತೆ ಬಡ್ಡಿ ಹಿಡಿದರೂ ತಿಂಗಳಿಗೆ ಎರಡು ಲಕ್ಷ. ಮೂರು ಹರಾಜು ವಿಫಲವಾಗಿ ಒಂದು ವರ್ಷ ಕಳೆದರೆ 24 ಲಕ್ಷ ಹೆಗಲೇರುತ್ತದೆ. ಬೀಗ ಬಿದ್ದ ಶೆಡ್ಡಿನಲ್ಲಿ ಮಳೆಗಾಲ ಕಳೆದ ಯಂತ್ರದ ಬೆಲೆ ಅಷ್ಟರಲ್ಲಿ ಎಲ್ಲಿಗೆ ಇಳಿದಿರುತ್ತದೆಂಬುದನ್ನು ಯಂತ್ರ ಬಲ್ಲವರಿಗೆ ಹೇಳಬೇಕಾಗಿಲ್ಲ. ಮಾರಾಟದಿಂದ ತುಂಬದ ಬಾಕಿಗೆ ಜಾಮೀನುದಾರನೂ ಹೊಣೆ. ಇನ್ನೂ ಒಂದು ಅಂಶವಿದೆ: ಸ್ಥಿರಾಸ್ತಿಗೆ ಮೀಸಲು ಬೆಲೆಯ ಕೂಗು ಬಾರದೆ ಹರಾಜು ಮುಂದೂಡಲ್ಪಟ್ಟರೆ, ಮುಂದಿನ ಹರಾಜಿನಲ್ಲಿ ಸ್ವತಃ ಬ್ಯಾಂಕೇ ಕೂಗಿ ಆಸ್ತಿಯನ್ನು ತೆಗೆದುಕೊಳ್ಳಲು ಕಾಯ್ದೆಯ ತಿದ್ದುಪಡಿ ಅವಕಾಶ ನೀಡಿದೆ.

ಕೊಳ್ಳುವವನ ಕಡೆಯಿಂದ ನೋಡಿದರೆ, ಮೀಸಲು ಬೆಲೆ ಅವನು ತೆರುವ ಬೆಲೆಯ ಒಂದು ಭಾಗ ಮಾತ್ರ. ಹರಾಜು ಗೆದ್ದ ದಿನವೇ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಶೇಕಡ 25, ಉಳಿದ ಹಣ ಸ್ಥಿರೀಕರಣವಾದ 15 ದಿನಗಳಲ್ಲಿ. ಲಿಖಿತ ಒಪ್ಪಿಗೆಯಿದ್ದರೆ ಗಡುವು ಮೂರು ತಿಂಗಳವರೆಗೆ ವಿಸ್ತರಣೆಯಾಗಬಹುದು. ತಪ್ಪಿದರೆ ಕಟ್ಟಿದ ಶೇಕಡ 25 ಪೂರ್ತಿಯಾಗಿ ಮುಟ್ಟುಗೋಲಾಗುತ್ತದೆ. ಸರ್ವೋಚ್ಚ ನ್ಯಾಯಾಲಯ 2024ರ ಫೆಬ್ರವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಹದಿನೈದು ದಿನಗಳಲ್ಲಿ ಬ್ಯಾಂಕ್ ಸಾಲ ಮಂಜೂರಾಗುವುದು ಕಷ್ಟ. ಆದ್ದರಿಂದ ಕೈಯಲ್ಲಿ ನಗದು ಇರುವವರು ಮಾತ್ರ ಕೂಗಲು ಬರುತ್ತಾರೆ. ಮೀಸಲು ಬೆಲೆ ನಿಗದಿ ಮಾಡುವ ಮೌಲ್ಯಮಾಪಕರು ಸಾಲ ತೆಗೆದು ಕೊಳ್ಳುವ ಸಾಮಾನ್ಯ ಖರೀದಿದಾರನ ಬೆಲೆಯನ್ನೇ ಇಲ್ಲಿಗೂ ಅನ್ವಯಿಸಿದರೆ ಕಟ್ಟೆ ಖಾಲಿಯಾಗುವುದು ಆಶ್ಚರ್ಯವಲ್ಲ.

‘ಎಲ್ಲಿದೆಯೋ ಹಾಗೆಯೇ, ಹೇಗಿದೆಯೋ ಹಾಗೆಯೇ’ ಎಂಬ ಪ್ರಕಟಣೆಯ ಸಾಲನ್ನು ಓದಿ ದಾಟುವವರೇ ಹೆಚ್ಚು. ಹಿಂದಿನ ಮಾಲೀಕ ಉಳಿಸಿಹೋದ ವಿದ್ಯುತ್ ಬಾಕಿಯನ್ನು, ಸರಬರಾಜು ನಿಯಮಗಳಲ್ಲಿ ಹಾಗೆ ಹೇಳಿದ್ದರೆ, ಹೊಸ ಮಾಲೀಕನಿಂದ ಕೇಳಬಹುದೆಂದು 2023ರ ಮೇ ತಿಂಗಳಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಫೌಂಡ್ರಿ, ಹೀಟ್ ಟ್ರೀಟ್‌ಮೆಂಟ್‌ನಂಥ ಘಟಕಗಳಲ್ಲಿ ಈ ಬಾಕಿ ಲಕ್ಷಗಳಲ್ಲಿರುವುದು ಸಾಮಾನ್ಯ. ಭವಿಷ್ಯನಿಧಿ ಬಾಕಿ, ಆಸ್ತಿ ತೆರಿಗೆ, ಕೆಐಎಡಿಬಿ ಗುತ್ತಿಗೆಯ ನಿವೇಶನವಾದರೆ ವರ್ಗಾವಣೆಗೆ ಮಂಡಳಿಯ ಅನುಮತಿ ಮತ್ತು ಶುಲ್ಕ, ಇವೆಲ್ಲವನ್ನೂ ಕೂಡಿಸಿ ಮೀಸಲು ಬೆಲೆಯ ಪಕ್ಕದಲ್ಲಿ ಬರೆದುಕೊಂಡ ಮೇಲೆಯೇ ಎಷ್ಟರವರೆಗೆ ಕೂಗಬಹುದೆಂಬುದು ತಿಳಿಯುವುದು.

ಸರ್ಕಾರಿ ಬ್ಯಾಂಕುಗಳ ಹರಾಜು ಆಸ್ತಿಗಳ ವಿವರ 2025ರ ಜನವರಿಯಲ್ಲಿ ಆರಂಭವಾದ ಬ್ಯಾಂಕ್‌ನೆಟ್ ತಾಣದಲ್ಲಿ ಒಂದೆಡೆ ಸಿಗುತ್ತದೆ. ಒಂದೇ ಶೆಡ್ಡು ಎರಡನೆಯ, ಮೂರನೆಯ ಬಾರಿ ಪ್ರಕಟಣೆಯಲ್ಲಿ ಕಂಡರೆ ಹಿಂದಿನ ಪ್ರಕಟಣೆಗಳ ಬೆಲೆಯನ್ನೂ ಹುಡುಕಿ ಪಕ್ಕದಲ್ಲಿಟ್ಟು ನೋಡುವುದು ಒಳಿತು. ಪರಿಶೀಲನೆಗೆಂದು ಬ್ಯಾಂಕು ಗೊತ್ತುಪಡಿಸುವ ದಿನ ಸಾಮಾನ್ಯವಾಗಿ ಒಂದೋ ಎರಡೋ. ಆ ದಿನ ವಕೀಲರ ಜೊತೆಗೆ ಒಬ್ಬ ಫಿಟ್ಟರನ್ನೂ ಒಬ್ಬ ಎಲೆಕ್ಟ್ರಿಷಿಯನ್ನನ್ನೂ ಕರೆದೊಯ್ಯುವ ರೂಢಿ ಪೀಣ್ಯದ ಹಳಬರಲ್ಲಿದೆ.