ಬಿಡಾರದ ಒಲೆಯಲ್ಲಿ ಭೌತವಿಜ್ಞಾನ

ಶರಾವತಿಯ ದಡದ ಹಳ್ಳಿಗಳಿಂದಲೂ ಘಟ್ಟದ ಬುಡದ ಊರುಗಳಿಂದಲೂ ಹೊನ್ನಾವರಕ್ಕೆ ಓದಲು ಬರುವ ವಿದ್ಯಾರ್ಥಿಗಳಲ್ಲಿ ಕೆಲವರು ಕೋಣೆ ಹಿಡಿದು ತಾವೇ ಅಡಿಗೆ ಮಾಡಿಕೊಳ್ಳುತ್ತಾರೆ. ಹಿಂದಿನ ತಲೆಮಾರುಗಳ ಬಡ ವಿದ್ಯಾರ್ಥಿಗೆ ವಾರಾನ್ನವಿತ್ತು: ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಏರ್ಪಾಡು ಈಗ ಬಹುಮಟ್ಟಿಗೆ ಮರೆಯಾಗಿದೆ. ಅದರ ಸ್ಥಾನದಲ್ಲಿ ಉಳಿದಿರುವುದು ಒಂದು ಚಿಕ್ಕ ಗ್ಯಾಸಿನ ಒಲೆ, ಒಂದು ಪಾತ್ರೆ, ತಿಂಗಳ ಕೊನೆಗೆ ಬರಿದಾಗುವ ಜೇಬು.

ಒಮ್ಮೆ ನಮ್ಮ ಪ್ರಯೋಗಶಾಲೆಯಲ್ಲಿ ಹಬೆಯ ಗುಪ್ತೋಷ್ಣವನ್ನು ಅಳೆಯುತ್ತಿದ್ದ ವಿದ್ಯಾರ್ಥಿಯೊಬ್ಬನು ಕಣ್ಣು ಕತ್ತಲಿಟ್ಟು ಕುಳಿತುಬಿಟ್ಟನು. ವಿಚಾರಿಸಿದಾಗ, ಗ್ಯಾಸು ಮುಗಿದು ಎರಡು ದಿನಗಳಾಗಿದ್ದುವೆಂದೂ ಅಂದಿನಿಂದ ಚಹ ಮತ್ತು ಬನ್ನಿನಲ್ಲಿಯೇ ಕಾಲ ಕಳೆದಿದ್ದನೆಂದೂ ತಿಳಿಯಿತು. ಅವನು ಅನ್ನ ಬೇಯಿಸುವ ರೀತಿಯನ್ನು ಕೇಳಿದೆವು. ಅಕ್ಕಿಯನ್ನು ನೆನೆಸುವುದಿಲ್ಲ, ಪಾತ್ರೆಗೆ ಮುಚ್ಚಳವಿಲ್ಲ, ಉರಿ ಮೊದಲಿನಿಂದ ಕೊನೆಯವರೆಗೂ ಪೂರ್ಣ. ಅವನ ಪುಸ್ತಕದಲ್ಲಿ ಗುಪ್ತೋಷ್ಣದ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಸಂಖ್ಯೆಯೇ ತನ್ನ ಗ್ಯಾಸನ್ನು ನುಂಗಿತೆಂಬುದು ಅವನಿಗೆ ಹೊಳೆದಿರಲಿಲ್ಲ.

ಅದು ಹೇಗೆಂಬುದನ್ನು ನೋಡೋಣ. ಒಂದು ಲೀಟರ್ ನೀರನ್ನು 28 ಡಿಗ್ರಿಯಿಂದ 100 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಲು 72 ಕಿಲೋಕ್ಯಾಲೊರಿ ಉಷ್ಣ ಸಾಕು. ಆದರೆ ಕುದಿಯುವ ಒಂದು ಕಿಲೋಗ್ರಾಂ ನೀರು ಹಬೆಯಾಗಬೇಕಾದರೆ ಸುಮಾರು 540 ಕಿಲೋಕ್ಯಾಲೊರಿ ಬೇಕು. ಅದರಲ್ಲಿ ಕಾಲು ಭಾಗ ಮಾತ್ರ ಹಬೆಯಾಗಿ ಹಾರಿಹೋದರೂ 135 ಕಿಲೋಕ್ಯಾಲೊರಿ ವ್ಯಯವಾಯಿತು. ಇಡೀ ಲೀಟರನ್ನು ಕುದಿಗೆ ತಂದ ಖರ್ಚಿಗೆ ಇದು ಸುಮಾರು ಎರಡು ಪಟ್ಟು. ಇದರಿಂದ ಅನ್ನ ಬೇಗ ಬೆಂದಿತೇ? ಇಲ್ಲ. ತೆರೆದ ಪಾತ್ರೆಯಲ್ಲಿ ನೀರು ಮೆಲ್ಲಗೆ ಕುದಿದರೂ ಭೋರೆಂದು ಕುದಿದರೂ ಅದರ ತಾಪ ಒಂದೇ. ಕಡಲಮಟ್ಟದಲ್ಲಿರುವ ಹೊನ್ನಾವರದಲ್ಲಿ ಅದು 100 ಡಿಗ್ರಿ. ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ. ಕುದಿ ಬಂದ ಮೇಲೆ ಹೆಚ್ಚಿಸಿದ ಉರಿಯೆಲ್ಲವೂ ಹಬೆಯನ್ನು ಮಾಡುವುದೇ ಹೊರತು ಅನ್ನವನ್ನು ಮಾಡುವುದಿಲ್ಲ.

ಈ ಮಾತನ್ನು ಅಡಿಗೆಯವರಿಗೆ ತಿಳಿಹೇಳಲು ಹೆಣಗಿದವರಲ್ಲಿ ಭೌತವಿಜ್ಞಾನಿಯೊಬ್ಬನಿದ್ದನು. ಅವನೇ ಬೆಂಜಮಿನ್ ಥಾಮ್ಸನ್, ಅಂದರೆ ಕೌಂಟ್ ರಮ್‌ಫರ್ಡ್ (1753–1814). ಫಿರಂಗಿ ಕೊರೆಯುವಾಗ ಹುಟ್ಟುವ ಉಷ್ಣವನ್ನು ಪರೀಕ್ಷಿಸಿ 1798ರಲ್ಲಿ ಅವನು ಪ್ರಕಟಿಸಿದ ಲೇಖನವನ್ನು ನಮ್ಮ ಪಠ್ಯಪುಸ್ತಕಗಳು ಸ್ಮರಿಸುತ್ತವೆ. ಅದೇ ಮನುಷ್ಯನು ಮ್ಯೂನಿಕ್ ನಗರದ ಬಡವರಿಗಾಗಿ ಬಾರ್ಲಿ ಮತ್ತು ಬಟಾಣಿಗಳ ಅಗ್ಗದ ಗಂಜಿಯನ್ನು ರೂಪಿಸಿದನು. ಕಡಿಮೆ ಸೌದೆಯಲ್ಲಿ ಬೇಯಿಸುವ ಮುಚ್ಚಿದ ಒಲೆಗಳನ್ನೂ ಕಟ್ಟಿಸಿದನು. ಉಷ್ಣದ ತತ್ತ್ವವೂ ಬಡವನ ಗಂಜಿಯೂ ಅವನಿಗೆ ಬೇರೆ ಬೇರೆ ವಿಷಯಗಳಾಗಿರಲಿಲ್ಲ.

ಹಾಗಾದರೆ ಕುದಿ ಬಂದ ಮೇಲೆ ಒಲೆಯನ್ನೇ ಆರಿಸಿ, ಉಷ್ಣವನ್ನು ಹೊರಹೋಗಗೊಡದೆ ಹಿಡಿದಿಟ್ಟರೆ ಅನ್ನ ಬೇಯುವುದೇ? ಖಂಡಿತವಾಗಿ ಬೇಯುವುದು. ಪಿಷ್ಟ ಬೇಯಲು 100 ಡಿಗ್ರಿಯೇ ಬೇಕೆಂದಿಲ್ಲ; 80 ಡಿಗ್ರಿಯ ಮೇಲಿದ್ದರೂ ಸಾಕು, ಹೊತ್ತು ಮಾತ್ರ ಸ್ವಲ್ಪ ಹೆಚ್ಚು. ನೆರೆಯ ಕೇರಳದಲ್ಲಿ ಶಾಸ್ತ್ರ ಸಾಹಿತ್ಯ ಪರಿಷತ್ತು ‘ಚೂಡಾರಾಪ್ಪೆಟ್ಟಿ’ಯನ್ನು, ಎಂದರೆ ಬಿಸಿ ಆರದ ಪೆಟ್ಟಿಗೆಯನ್ನು, ಮನೆಮನೆಗೆ ಪ್ರಚಾರಮಾಡಿತು. ಇದನ್ನು ನಾವೂ ಮಾಡಿಕೊಳ್ಳಬಹುದು. ಒಂದು ಗಟ್ಟಿ ಪೆಟ್ಟಿಗೆಯೊಳಗೆ ತೆಂಗಿನ ನಾರನ್ನೋ ಭತ್ತದ ಹೊಟ್ಟನ್ನೋ ನಾಲ್ಕು ಬೆರಳು ದಪ್ಪಕ್ಕೆ ತುಂಬಿ, ನಡುವೆ ಪಾತ್ರೆ ಬಿಗಿಯಾಗಿ ಕೂರುವಷ್ಟು ಕುಳಿ ಬಿಡಬೇಕು. ಮೇಲೆ ಹಳೆಯ ಕಂಬಳಿಯನ್ನು ಹೊದಿಸಬೇಕು. ಇಲ್ಲಿ ಉಷ್ಣವನ್ನು ತಡೆಯುವುದು ನಾರಿಗಿಂತ ಹೆಚ್ಚಾಗಿ, ಅದರ ಎಳೆಗಳ ನಡುವೆ ಅಲುಗಾಡದೆ ನಿಂತ ಗಾಳಿ. ಗಾಳಿಯು ಬಹಳ ಮಂದವಾದ ಉಷ್ಣವಾಹಕ.

ನಮ್ಮ ಕರಾವಳಿಯ ಕುಚ್ಚಿಗೆ ಅಕ್ಕಿಗೆ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಅಕ್ಕಿಯನ್ನು ರಾತ್ರಿಯೇ ನೆನೆಸಿಡಿ. ಬೆಳಿಗ್ಗೆ ಮುಚ್ಚಳವಿಟ್ಟು ಹತ್ತು ನಿಮಿಷ ಕುದಿಸಿ ಪೆಟ್ಟಿಗೆಯೊಳಗಿಡಿ. ಒಂದೆರಡು ಗಂಟೆ ಓದಿ ಏಳುವಷ್ಟರಲ್ಲಿ ಗಂಜಿ ಸಿದ್ಧವಾಗಿರುತ್ತದೆ. ಪಾತ್ರೆ ಚಿಕ್ಕದಾದಷ್ಟೂ, ಅದರ ಗಾತ್ರಕ್ಕೆ ಹೋಲಿಸಿದರೆ ಮೇಲ್ಮೈ ಹೆಚ್ಚು; ಬೇಗ ಆರುತ್ತದೆ. ಆದುದರಿಂದ ಒಬ್ಬೊಬ್ಬರೇ ಬೇಯಿಸುವುದಕ್ಕಿಂತ ಮೂವರು ಕೂಡಿ ಒಂದೇ ಪಾತ್ರೆಯಲ್ಲಿ ಬೇಯಿಸುವುದು ಲೇಸು. ಸ್ನೇಹಕ್ಕೂ ಇದರಿಂದ ಹಾನಿಯಿಲ್ಲ.

ಇನ್ನು ಪಾತ್ರೆಯೊಳಗೆ ಏನಿರಬೇಕು? ಭತ್ತವನ್ನು ಕುಚ್ಚುವಾಗ ತೌಡಿನಲ್ಲಿರುವ ‘ಬಿ’ ಜೀವಸತ್ವಗಳಲ್ಲಿ ಒಂದು ಭಾಗ ಕಾಳಿನ ಒಳಕ್ಕೆ ಇಳಿಯುತ್ತದೆ. ಗಂಜಿಯ ತಿಳಿಯನ್ನು ಬಸಿದು ಚೆಲ್ಲಿದರೆ ಅವು ಮೋರಿಯ ಪಾಲು. ತಿಳಿಯನ್ನು ಕುಡಿದರೆ ನಮ್ಮ ಪಾಲು. ಆದರೆ ಅಕ್ಕಿಯೊಂದರಿಂದಲೇ ದೇಹ ಬೆಳೆಯದು. ಅದರ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. 150 ಗ್ರಾಂ ಅಕ್ಕಿಯೊಡನೆ ನೆನೆದ 50 ಗ್ರಾಂ ಹೆಸರುಕಾಳನ್ನು ಬೇಯಿಸಿದರೆ ಸುಮಾರು 700 ಕಿಲೋಕ್ಯಾಲೊರಿ ಶಕ್ತಿಯೂ 23 ಗ್ರಾಂ ಸಸಾರಜನಕವೂ ಒಂದೇ ಪಾತ್ರೆಯಲ್ಲಿ ದೊರೆಯುತ್ತವೆ. ಮೀನು ತಿನ್ನುವವರಿಗೆ ತಾರ್ಲೆ, ಬಂಗ್ಡೆಗಳು ಸುಗ್ಗಿಯಲ್ಲಿ ಅಗ್ಗ. ಕೆಲವೇ ನಿಮಿಷಗಳಲ್ಲಿ ಬೇಯುತ್ತವೆ. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವ ಜೂನ್, ಜುಲೈ ತಿಂಗಳುಗಳಲ್ಲಿ ಮಾತ್ರ ಕಾಳುಗಳನ್ನೇ ನೆಚ್ಚಬೇಕು. ಬೆಂಕಿಯೇ ಬೇಡದ ವ್ಯಂಜನಗಳೂ ನಮ್ಮಲ್ಲಿವೆ: ಮಜ್ಜಿಗೆಯಲ್ಲಿ ಕಲಸಿದ ಒಂದೆಲಗದ ತಂಬುಳಿ, ನೀರಿನಲ್ಲಿ ನೆನೆಸಿ ಕಿವುಚಿದ ಮುರುಗಲ ಸಿಪ್ಪೆಯ ರಸ.

ಎರಡು ಎಚ್ಚರಿಕೆಗಳನ್ನು ಮರೆಯಬಾರದು. ಪೆಟ್ಟಿಗೆಯಲ್ಲಿಟ್ಟ ಅಡಿಗೆಯನ್ನು ಬಿಸಿಯಾಗಿರುವಾಗಲೇ ಉಣ್ಣಬೇಕು. ಅನ್ನದಲ್ಲಿ ಕುದಿಗೂ ಸಾಯದ ಸೂಕ್ಷ್ಮಾಣುಬೀಜಗಳಿರಬಹುದು. ಉಗುರುಬೆಚ್ಚಗೆ ಬಹಳ ಹೊತ್ತು ಬಿಟ್ಟರೆ ಅವು ಮೊಳೆತು ವಿಷವನ್ನುಂಟುಮಾಡುತ್ತವೆ, ಮತ್ತೆ ಕುದಿಸಿದರೂ ಆ ವಿಷ ಹೋಗದಿರಬಹುದು. ಎರಡನೆಯದಾಗಿ, ರಾಜ್ಮಾದಂತಹ ಕಾಳುಗಳನ್ನು ಪೆಟ್ಟಿಗೆಗೆ ನೆಚ್ಚಬೇಡಿ. ಅವುಗಳ ಸಹಜ ವಿಷವನ್ನು ಕಳೆಯಲು ಒಲೆಯ ಮೇಲಿನ ಚೆನ್ನಾದ ಕುದಿಯೇ ಬೇಕು.

ಓದುಗ ಮಿತ್ರರು ಇದನ್ನು ನಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ಒಂದು ಉಷ್ಣಮಾಪಕವನ್ನು ಎರವಲು ಪಡೆದು, ಮಂದ ಕುದಿಯ ತಾಪವನ್ನೂ ಜೋರು ಕುದಿಯ ತಾಪವನ್ನೂ ಅಳೆದು ನೋಡಲಿ. ಆಮೇಲೆ ಸಿಲಿಂಡರು ಎಷ್ಟು ದಿನ ಬಂದಿತೆಂದು ಗೋಡೆಯ ಪಂಚಾಂಗದ ಮೇಲೆ ಗುರುತುಹಾಕಲಿ. ನಮ್ಮ ಆ ವಿದ್ಯಾರ್ಥಿಯೂ ಹಾಗೆಯೇ ಮಾಡಿದನು. ಆ ಬಳಿಕ ಪ್ರಯೋಗಶಾಲೆಗೆ ಅವನು ಹಸಿದು ಬಂದುದನ್ನು ನಾವು ಕಾಣಲಿಲ್ಲ.