ಬೇಸಗೆಯ ಮಡುವಿನಲ್ಲಿ ಮೀನು

ಚೈತ್ರ ವೈಶಾಖಗಳಲ್ಲಿ ಯಾದಗಿರಿಯ ಬಳಿ ಭೀಮಾನದಿಯನ್ನು ನೋಡಿದವರು, ಶ್ರಾವಣದಲ್ಲಿ ದಡ ಮೀರಿ ಹರಿದ ಹೊಳೆ ಇದೇ ಏನು ಎಂದು ಬೆರಗಾಗುವುದುಂಟು. ಬ್ಯಾರೇಜುಗಳ ಹಿನ್ನೀರು ನಿಂತಿರುವ ಕಡೆಗಳನ್ನು ಬಿಟ್ಟರೆ ಉಳಿದೆಡೆ ಕಣ್ಣಿಗೆ ಬೀಳುವುದು ಮರಳು, ಹಾಸುಬಂಡೆ, ಅವುಗಳ ನಡುವೆ ಹಾವಿನಂತೆ ಸರಿಯುವ ಒಂದು ನೀರಿನ ಗೆರೆ. ನಾರಾಯಣಪುರದಿಂದ ಕೆಳಕ್ಕೆ ಸುರಪುರ, ಶಹಾಪುರಗಳ ಸೀಮೆಯಲ್ಲಿ ಹರಿಯುವ ಕೃಷ್ಣೆಯ ಪಾಡೂ ಇದಕ್ಕಿಂತ ಬಹಳ ಬೇರೆಯಲ್ಲ. ಮಳೆಗಾಲದಲ್ಲಿ ನೀರು ಸುತ್ತುವರಿದು ದ್ವೀಪಗಳಾಗುವ ಗಡ್ಡಿಗಳಿಗೆ ಆಗ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಹೋಗಿಬರಬಹುದು. ಆದರೆ ನದಿ ಪೂರ್ಣವಾಗಿ ಬತ್ತಿರುವುದಿಲ್ಲ. ಬಂಡೆಗಳ ಬುಡದಲ್ಲಿ, ತಿರುವುಗಳಲ್ಲಿ, ಪ್ರವಾಹವು ಹಿಂದೆ ಕೊರೆದಿಟ್ಟ ತಗ್ಗುಗಳಲ್ಲಿ ನೀರು ಉಳಿದಿರುತ್ತದೆ. ಇವೇ ಮಡುಗಳು. ಹಲವು ಮೈಲಿಗಳ ಉದ್ದಕ್ಕೆ ಚದರಿದ್ದ ಮೀನುಗಳೆಲ್ಲ ಈಗ ಈ ಕೆಲವು ಮಡುಗಳಲ್ಲಿ ಸೇರಿಕೊಂಡಿರುತ್ತವೆ.

ಮೀನು ಹಿಡಿಯುವವನಿಗೆ ಇದಕ್ಕಿಂತ ಒಳ್ಳೆಯ ಕಾಲ ಇನ್ನಾವುದು ಎಂದು ಯಾರಿಗಾದರೂ ತೋರುವುದು ಸಹಜ. ಕೆಸರೆಲ್ಲ ತಳಕ್ಕೆ ಇಳಿದು ನೀರು ತಿಳಿಯಾಗಿದೆ, ಜಾಗ ಚಿಕ್ಕದು, ಮೀನು ಓಡಿಹೋಗಲು ದಾರಿಯಿಲ್ಲ. ಹರಿಗೋಲಿನಲ್ಲಿ ಕುಳಿತು ಬೀಸುಬಲೆ ಎಸೆಯುವ ಕಬ್ಬಲಿಗರ ಅಥವಾ ಅಂಬಿಗರ ಹಿರಿಯನೊಬ್ಬನನ್ನು ಕೇಳಿದರೆ, ಈ ದಿನಗಳಲ್ಲಿ ಹೊತ್ತು ಹುಟ್ಟುವ ಮುಂಚೆ ಬಲೆ ಬೀಸಬೇಕು, ಮಧ್ಯಾಹ್ನ ಬೀಸಿ ಫಲವಿಲ್ಲ ಎಂದು ಹೇಳುತ್ತಾನೆ. ಅವನ ಮಾತು ಅನುಭವದ್ದು. ಅದರ ಹಿಂದಿರುವ ಕಾರಣವನ್ನು ತಿಳಿಯಬೇಕಾದರೆ ನಾವು ಮೊದಲು ನೀರಿನಲ್ಲಿ ಕರಗಿರುವ ಆಮ್ಲಜನಕದ ಲೆಕ್ಕವನ್ನು ನೋಡಬೇಕು.

ಸಕ್ಕರೆಯು ಬಿಸಿನೀರಿನಲ್ಲಿ ಹೆಚ್ಚಾಗಿ ಕರಗುತ್ತದೆಯಷ್ಟೆ. ಅನಿಲಗಳ ಸ್ವಭಾವ ಇದಕ್ಕೆ ವಿರುದ್ಧವಾದುದು. ನೀರು ಬಿಸಿಯಾದಷ್ಟೂ ಅವು ಅದನ್ನು ಬಿಟ್ಟು ಹೊರಡುತ್ತವೆ. ಸಮುದ್ರಮಟ್ಟದಲ್ಲಿ, 10 ಡಿಗ್ರಿ ಸೆಂಟಿಗ್ರೇಡ್ ಉಷ್ಣಾಂಶದ ಒಂದು ಲೀಟರು ಸಿಹಿನೀರು ಗಾಳಿಯಿಂದ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಹೀರಿ ಇಟ್ಟುಕೊಳ್ಳಬಲ್ಲುದು. 20 ಡಿಗ್ರಿಯಲ್ಲಿ ಈ ಪ್ರಮಾಣ 9.1ಕ್ಕೆ ಇಳಿಯುತ್ತದೆ, 30 ಡಿಗ್ರಿಯಲ್ಲಿ 7.6ಕ್ಕೆ. ಯಾದಗಿರಿಯ ಸೀಮೆ ಸಮುದ್ರಮಟ್ಟದಿಂದ ಸುಮಾರು 400 ಮೀಟರು ಎತ್ತರದಲ್ಲಿರುವುದರಿಂದ ಇನ್ನೂ ನೂರಕ್ಕೆ ನಾಲ್ಕೈದು ಪಾಲು ಕಡಿಮೆಯೆಂದೇ ಎಣಿಸಬೇಕು. ಗಾಳಿಯ ಉಷ್ಣಾಂಶ 40 ಡಿಗ್ರಿಯನ್ನು ದಾಟುವ ವೈಶಾಖದ ಹಗಲುಗಳಲ್ಲಿ, ಹರಿವಿಲ್ಲದೆ ನಿಂತ ಮಡುವಿನ ಮೇಲ್ಪದರದಲ್ಲಿ ಎಷ್ಟು ಉಳಿದೀತು ಎಂಬುದನ್ನು ವಾಚಕರೇ ಊಹಿಸಬಹುದು.

ಒದಗುವುದು ಕಡಿಮೆಯಾಗುವ ಈ ಹೊತ್ತಿನಲ್ಲೇ ಬೇಕಾಗುವುದು ಹೆಚ್ಚಾಗುತ್ತದೆ. ಮೀನು ಶೀತರಕ್ತದ ಪ್ರಾಣಿ; ಸುತ್ತಣ ನೀರಿನ ಉಷ್ಣವೇ ಅದರ ಮೈಯ ಉಷ್ಣ. ಉಷ್ಣಾಂಶ 10 ಡಿಗ್ರಿ ಏರಿದರೆ ಅದರ ದೇಹದ ರಾಸಾಯನಿಕ ಕ್ರಿಯೆಗಳು ಸುಮಾರು ಎರಡು ಪಟ್ಟು ಚುರುಕಾಗುತ್ತವೆ, ಅಂತೆಯೇ ಉಸಿರಿನ ಅಗತ್ಯವೂ ಏರುತ್ತದೆ. ಆದಾಯ ಇಳಿದು ಖರ್ಚು ಏರಿದ ಸಂಸಾರದಂತೆ ಮಡುವಿನ ಬಾಳು ಬಿಗಿಯಾಗುತ್ತ ಬರುತ್ತದೆ.

ಹಗಲು ಹೇಗೋ ಸಾಗುತ್ತದೆ. ನೀರಿನಲ್ಲಿರುವ ಹಸುರು ಪಾಚಿ ಮತ್ತು ಸೂಕ್ಷ್ಮ ಸಸ್ಯಗಳು ಬಿಸಿಲಿನಲ್ಲಿ ಆಹಾರ ತಯಾರಿಸುವಾಗ ಆಮ್ಲಜನಕವನ್ನು ಬಿಡುಗಡೆ ಮಾಡುತ್ತವೆ. ಸೂರ್ಯ ಮುಳುಗಿದೊಡನೆ ಈ ಕೆಲಸ ನಿಲ್ಲುತ್ತದೆ. ಉಸಿರಾಟ ಮಾತ್ರ ಎಲ್ಲರದೂ ನಡೆದೇ ಇರುತ್ತದೆ. ಮೀನು, ಪಾಚಿ, ತಳದ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾ ಎಲ್ಲವೂ ರಾತ್ರಿಯಿಡೀ ಒಂದೇ ಉಗ್ರಾಣದಿಂದ ತೆಗೆಯುತ್ತವೆ. ಆದುದರಿಂದ ಉಗ್ರಾಣ ಬರಿದಾಗುವುದು ನಸುಕಿನಲ್ಲಿ. ಲೀಟರಿಗೆ 3 ಮಿಲಿಗ್ರಾಮಿನ ಕೆಳಕ್ಕೆ ಇಳಿದರೆ ಗೆಂಡೆ ಜಾತಿಯ ಮೀನುಗಳು ಕಂಗೆಡುತ್ತವೆ. ಮೇಲಕ್ಕೆ ಬಂದು, ಗಾಳಿಗೆ ತಾಗಿದ ತೆಳುಪದರದ ನೀರಿಗಾಗಿ ಬಾಯಿ ತೆರೆದು ಮುಚ್ಚುತ್ತವೆ. ಮುಂಜಾನೆ ಬೀಸಿದ ಬಲೆ ತುಂಬುವುದು ಇದರಿಂದಲೇ. ಹಸಿದು ಬಂದ ಮೀನೆಂದು ನಾವು ತಿಳಿಯುವುದು ಎಷ್ಟೋ ವೇಳೆ ಉಸಿರಿಗಾಗಿ ಬಂದ ಮೀನು.

ಈ ಕಷ್ಟ ಎಲ್ಲ ಜಾತಿಗಳಿಗೂ ಒಂದೇ ಸಮವಲ್ಲ. ಕೊರವ ಮೀನು ಮತ್ತು ಚೇಳುಮೀನುಗಳಿಗೆ ಕಿವಿರಿನ ಜೊತೆಗೆ ಗಾಳಿಯನ್ನೇ ನೇರವಾಗಿ ಉಸಿರಾಡುವ ಅಂಗಗಳುಂಟು. ಕೆಸರಿನಂತಾದ ಗುಂಡಿಯಲ್ಲಿಯೂ ಅವು ಬದುಕಿ ಉಳಿಯುತ್ತವೆ. ಸಂತೆಯಲ್ಲಿ ಕೊರವವು ತಾಸುಗಟ್ಟಲೆ ಜೀವದಿಂದಿರುವುದನ್ನು ಹಲವರು ನೋಡಿರಬಹುದು. ಹರಿಯುವ ನೀರಿಗೆ ಒಗ್ಗಿದ, ಕಲ್ಲಿನ ಮೇಲಣ ಪಾಚಿಯನ್ನು ಕೆರೆದು ತಿನ್ನುವ ಗೆಂಡೆಗಳಿಗೆ ಆ ಅನುಕೂಲವಿಲ್ಲ. ಇಂತಹವುಗಳಲ್ಲಿ ಕೆಲವು ಕೃಷ್ಣಾ ನದಿಯ ಜಾಲವನ್ನು ಬಿಟ್ಟು ಬೇರೆಡೆ ಕಾಣಸಿಗುವುದೇ ಅಪರೂಪ. ಸೈಕ್ಸ್ ಎಂಬ ಆಂಗ್ಲ ಸೇನಾಧಿಕಾರಿ ದಖ್ಖನಿನ ಮೀನುಗಳನ್ನು ಪರಿಶೀಲಿಸಿ 1839ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದ 'ನುಕ್ತಾ' ಎಂಬ ಮೀನು ಅಂತಹುದು. ಮೂತಿಯ ಮೇಲೆ ಕೊಂಬಿನಂತಹ ಉಬ್ಬುಳ್ಳ ಈ ವಿಚಿತ್ರ ಗೆಂಡೆ ಇಂದು ಅಳಿವಿನ ಅಂಚಿನಲ್ಲಿರುವ ಜಾತಿಗಳ ಪಟ್ಟಿಯಲ್ಲಿದೆ.

ಇನ್ನು ದೊಡ್ಡ ಜಲಾಶಯದ ಸ್ಥಿತಿಯನ್ನು ನೋಡೋಣ. ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡವಾಗಿ 1982ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿಂದೆ ನಿಂತಿರುವುದೇ ಬಸವಸಾಗರ. ತುಂಬಿದಾಗ ಅದರ ನೀರಿನ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರು, ಹಿಡಿಯುವ ನೀರು ಸುಮಾರು 33 ಟಿ. ಎಂ. ಸಿ., ಎಂದರೆ 33 ಶತಕೋಟಿ ಘನ ಅಡಿ. ಬೇಸಗೆಯಲ್ಲಿ ಕಾಲುವೆಗಳಿಗೆ ಬಿಟ್ಟಷ್ಟು, ಬಿಸಿಲು ಹೀರಿದಷ್ಟು ಈ ಮಟ್ಟ ಇಳಿಯುತ್ತದೆ. ಮೇಲ್ಪದರದ ನೀರು ಕಾದು ಹಗುರವಾಗಿ ಮೇಲೆಯೇ ತೇಲುತ್ತದೆ. ತಂಪಾದುದು ತಳದಲ್ಲಿ ನಿಲ್ಲುತ್ತದೆ. ಎರಡರ ಅಂತರ ಕೆಲವೇ ಡಿಗ್ರಿಗಳಾದರೂ ಅದು ಅಲ್ಪವಲ್ಲ. ಏಕೆಂದರೆ, ನೀರು 30ರಿಂದ 31 ಡಿಗ್ರಿಗೆ ಏರುವಾಗ ಅದರ ಸಾಂದ್ರತೆಯಲ್ಲಿ ಆಗುವ ಇಳಿತ 4ರಿಂದ 5 ಡಿಗ್ರಿಗೆ ಏರುವಾಗ ಆಗುವುದಕ್ಕಿಂತ ಮೂವತ್ತು ಪಟ್ಟಿಗೂ ಮಿಕ್ಕಿದ್ದು. ಬಿಸಿ ನಾಡಿನ ಜಲಾಶಯದಲ್ಲಿ ಒಂದೆರಡು ಡಿಗ್ರಿಯ ಭೇದವೇ ಮೇಲು ಕೆಳಗಿನ ನೀರು ಬೆರೆಯದಂತೆ ಬಾಗಿಲು ಹಾಕಬಲ್ಲುದು. ಹಾಗೆ ಬೆರೆಯದೆ ಉಳಿದರೆ ತಳದಲ್ಲಿ ಕೊಳೆಯುವ ವಸ್ತುಗಳು ಅಲ್ಲಿನ ಆಮ್ಲಜನಕವನ್ನು ಮುಗಿಸಿಬಿಡುತ್ತವೆ.

ಆದುದರಿಂದ ಮೀನಿಗೆ ಮೇಲೆ ಬಿಸಿ, ತಳದಲ್ಲಿ ಉಸಿರಿಲ್ಲ. ಅದು ನಡುವಣ ಪದರವನ್ನು ಹಿಡಿದುಕೊಂಡು, ಬೆಳಗ್ಗೆ ಮತ್ತು ಸಂಜೆ ಅಂಚುಗಳಿಗೆ ಮೇಯಲು ಬಂದು, ಬಿಸಿಲೇರಿದಾಗ ಆಳಕ್ಕೆ ಸರಿಯುತ್ತದೆ. ಗಾಳಿ ಜೋರಾಗಿ ಬೀಸಿದ ದಿನ ಈ ವ್ಯವಸ್ಥೆಯೆಲ್ಲ ಕಲಕಿಹೋಗುತ್ತದೆ. ಬೇಸಗೆಯ ಗುಡುಗು ಮಳೆಯ ಹಿಂದೆಯೇ ಕೆರೆಗಳಲ್ಲಿ ಒಮ್ಮೊಮ್ಮೆ ಸತ್ತ ಮೀನು ತೇಲುವುದಕ್ಕೆ, ತಳದ ಉಸಿರುಗೆಟ್ಟ ನೀರು ಮೇಲಕ್ಕೆ ಬರುವುದೇ ಒಂದು ಕಾರಣ, ಸಿಡಿಲು ಬಡಿದುದಲ್ಲ. ಸುರಪುರದ ನಾಯಕರ ಕಾಲದ್ದಾಗಿ, 19ನೆಯ ಶತಮಾನದಲ್ಲಿ ಮೆಡೋಸ್ ಟೇಲರನ ಆಸ್ಥೆಯಿಂದ ಬಲಗೊಂಡ ಬೋನಾಳ ಕೆರೆಯಂತಹ ಕಡೆ, ನೀರು ತಗ್ಗಿ ಅಂಚುಗಳು ತೆಳುವಾದಾಗ ಮೊದಲು ಲಾಭ ಪಡೆಯುವವು ಕೊಕ್ಕರೆಗಳು. ಅವು ಎಲ್ಲಿ ಸಾಲಾಗಿ ನಿಂತಿವೆಯೋ ಅಲ್ಲಿ ಮೊಣಕಾಲುದ್ದದ ನೀರು, ಅದರಲ್ಲಿ ಸಣ್ಣ ಮೀನು ಎಂದು ತಿಳಿಯಬಹುದು.

ಬೇಸಗೆಯ ನೀರು ಇಷ್ಟು ಕಠಿಣವಾದರೆ ಮೀನು ಮರಿಮಾಡುವುದು ಯಾವಾಗ? ಇಲ್ಲಿ ಭೂಮಿಯ ಇನ್ನೊಂದು ಕಡೆಯ ನದಿಯನ್ನು ಹೋಲಿಸಿ ನೋಡುವುದು ಉಪಯುಕ್ತ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ವಿನ್ನೆಬೇಗೊ ಎಂಬ ದೊಡ್ಡ ಸರೋವರವೂ, ಅದರ ಜಲವ್ಯವಸ್ಥೆಗೆ ಬಂದು ಸೇರುವ ವುಲ್ಫ್ ಎಂಬ ನದಿಯೂ ಇವೆ. ಚಳಿಗಾಲವೆಲ್ಲ ಸರೋವರದ ಮೇಲೆ ಮಂಜುಗಡ್ಡೆ. ವಸಂತದಲ್ಲಿ ಅದು ಕರಗಿ ನೀರು ನಿಧಾನವಾಗಿ ಬೆಚ್ಚಗಾಗುತ್ತಲೇ ಸರೋವರದ ಮೀನುಗಳು ನದಿಯನ್ನು ಏರತೊಡಗುತ್ತವೆ. ಮನುಷ್ಯನಿಗಿಂತ ಉದ್ದ ಬೆಳೆಯಬಲ್ಲ ಸ್ಟರ್ಜನ್ ಮೀನು ಏಪ್ರಿಲ್-ಮೇ ತಿಂಗಳುಗಳಲ್ಲಿ ನೀರು 10ರಿಂದ 15 ಡಿಗ್ರಿಯಾದಾಗ ದಡದ ಕಲ್ಲುಗಳ ನಡುವೆ ಮೊಟ್ಟೆಯಿಡುತ್ತದೆ. ಅಲ್ಲಿ ಮೀನಿನ ಗಡಿಯಾರಕ್ಕೆ ಕೀಲಿಕೊಡುವುದು ಶಾಖ. ನಮ್ಮಲ್ಲಿ ಶಾಖಕ್ಕೆ ಕೊರತೆಯಿಲ್ಲ. ಆದರೂ ಗೆಂಡೆ ಕಾಯುತ್ತದೆ. ಅದು ಕಾಯುವುದು ಹೊಸ ನೀರಿಗಾಗಿ.

ಹೊಸ ನೀರು ಬರುವುದಾದರೂ ಬಹುಪಾಲು ದೂರದಿಂದ. ಕೃಷ್ಣೆ ಮಹಾಬಳೇಶ್ವರದಲ್ಲಿ, ಭೀಮೆ ಭೀಮಾಶಂಕರದಲ್ಲಿ ಹುಟ್ಟುತ್ತವೆ. ಸಹ್ಯಾದ್ರಿಯ ಮೇಲೆ ಜೂನ್-ಜುಲೈಗಳಲ್ಲಿ ಸುರಿದ ಮಳೆ ಈ ಸೀಮೆಯ ಹೊಲಗಳು ಇನ್ನೂ ಮುಗಿಲು ನೋಡುತ್ತಿರುವಾಗಲೇ ಕೆಂಪಾಗಿ ಹರಿದು ಬರುತ್ತದೆ. ನೀರಿನ ಮಟ್ಟ ಏರುವುದು, ಉಷ್ಣಾಂಶ ತುಸು ಇಳಿಯುವುದು, ಹರಿವು ಬಲಗೊಳ್ಳುವುದು, ಮಣ್ಣಿನ ವಾಸನೆ ಬೆರೆಯುವುದು, ಇವೆಲ್ಲ ಕೂಡಿ ಮೀನಿನ ಮೆದುಳಿನ ಅಡಿಯಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತವೆ. ಅದರ ಸ್ರಾವದಿಂದ ಮೊಟ್ಟೆ ಪಕ್ವವಾಗುತ್ತದೆ. ಮೀನು ಪ್ರವಾಹದ ಎದುರು ಈಜಿ, ಹಳ್ಳಗಳಿಗೂ ಮುಳುಗಿದ ಬಯಲುಗಳಿಗೂ ಏರಿ ಮೊಟ್ಟೆಯಿಡುತ್ತದೆ. ರೋಹುವಿನಂತಹ ದೊಡ್ಡ ಗೆಂಡೆಯ ಹೆಣ್ಣು ತನ್ನ ತೂಕದ ಪ್ರತಿ ಕಿಲೋಗ್ರಾಮಿಗೆ ಎರಡರಿಂದ ಮೂರು ಲಕ್ಷ ಮೊಟ್ಟೆಗಳನ್ನಿಡುತ್ತದೆ. ಬೆಚ್ಚಗಿನ ನೀರಿನಲ್ಲಿ ಅವು ಒಂದು ದಿನ ತುಂಬುವುದರೊಳಗೆ ಒಡೆಯುತ್ತವೆ.

ಪ್ರವಾಹವಿಲ್ಲದೆ ಈ ಗ್ರಂಥಿ ಎಚ್ಚರಗೊಳ್ಳದೆಂಬುದಕ್ಕೆ ಒಳ್ಳೆಯ ಪ್ರಮಾಣವೆಂದರೆ, ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಕೊಬ್ಬಿ ಬೆಳೆದರೂ ಸಾಮಾನ್ಯವಾಗಿ ಮರಿಮಾಡುವುದಿಲ್ಲ. ಒಡಿಶಾದ ಅಂಗುಲದಲ್ಲಿ 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿಯವರು ಬೇರೆ ಮೀನಿನ ಪಿಟ್ಯುಟರಿ ಸಾರವನ್ನು ಚುಚ್ಚಿ, ನಿಂತ ನೀರಿನಲ್ಲಿಯೇ ಗೆಂಡೆ ಮೊಟ್ಟೆಯಿಡುವಂತೆ ಮಾಡಿದರು. ಪ್ರವಾಹವು ಮಾಡುವ ಕೆಲಸವನ್ನು ಒಂದು ಸೂಜಿಯಿಂದ ಮಾಡಿಸಿದಂತಾಯಿತು. ಇಂದು ಕೆರೆಗಳಿಗೂ ಜಲಾಶಯಗಳಿಗೂ ವರ್ಷವರ್ಷ ಬಿಡುವ ಬಿತ್ತನೆ ಮರಿಗಳು ಈ ವಿದ್ಯೆಯ ಫಲ. ನುಕ್ತಾದಂತಹ ಕಾಡು ಜಾತಿಗಳಿಗಾದರೋ ಇಂತಹ ಪೋಷಣೆ ದೊರೆತದ್ದು ಕಡಿಮೆ. ಅವಕ್ಕೆ ಹೊಳೆಯೇ ಗತಿ.

ಈಗ ಮಡುವಿಗೆ ಹಿಂತಿರುಗೋಣ. ವೈಶಾಖದಲ್ಲಿ ಅಲ್ಲಿರುವ ಎರಡು ಕಿಲೋ ತೂಕದ ಹೆಣ್ಣುಗೆಂಡೆ ಬರಿಯ ಎರಡು ಕಿಲೋ ಮಾಂಸವಲ್ಲ. ಇನ್ನು ಆರೆಂಟು ವಾರಗಳಲ್ಲಿ ಅದು ನಾಲ್ಕೈದು ಲಕ್ಷ ಮೊಟ್ಟೆಗಳ ತಾಯಿಯಾಗಬೇಕಾದುದು. ಮರಿಗಳಲ್ಲಿ ಬಹುಪಾಲು ಸಾಯುತ್ತವೆಂಬುದು ನಿಜ. ಆದರೂ ಕಾರ್ತಿಕದಲ್ಲಿ ಆ ಮಡುವಿನಿಂದ ಒಂದು ಮೀನು ತೆಗೆಯುವುದಕ್ಕೂ ವೈಶಾಖದಲ್ಲಿ ತೆಗೆಯುವುದಕ್ಕೂ ಇರುವ ಭೇದ ದೊಡ್ಡದು: ಮಳೆ ಮುಗಿದ ಮೇಲೆ ಹಿಡಿದದ್ದು ಬಡ್ಡಿ, ಮಳೆಗೆ ಮುಂಚೆ ಹಿಡಿದದ್ದು ಅಸಲು. ಬಲೆ ಬೀಸಿ ನಾಲ್ಕು ಮೀನು ಹಿಡಿದು ಮನೆ ನಡೆಸುವವನಿಂದ ಮಡು ಬರಿದಾಗುವುದಿಲ್ಲ. ಸಿಡಿಮದ್ದು ಎಸೆಯುವುದು, ವಿಷ ಬೆರೆಸುವುದು ಇವುಗಳಿಂದ ಒಂದೇ ಬೆಳಗಿನಲ್ಲಿ ಮಡುವಿನ ಎಲ್ಲ ಪ್ರಾಣಿಗಳೂ ಹೋಗುತ್ತವೆ. ಇವೆರಡನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಷ್ಟು ಹಿಂದೆಯೇ ಅಪರಾಧವೆಂದು ಸಾರಲಾಗಿದೆ. ನೆರೆಯ ತೆಲಂಗಾಣದಲ್ಲಿ ಮೃಗಶಿರಾ ಮಳೆ ಹೂಡುವ ದಿನ ಮೀನು ತಿನ್ನಲೇಬೇಕೆಂಬ ರೂಢಿಯುಂಟು. ಜೂನ್ ಆರಂಭದ ಆ ದಿನ ನದಿಯ ಮೀನು ಮೊಟ್ಟೆ ತುಂಬಿಕೊಂಡಿರುವ ಕಾಲ. ಸಾಕಿದ ಕೆರೆಯ ಮೀನಿನಿಂದಲೇ ಆ ಊಟ ನಡೆದರೆ ಹೊಳೆಗೆ ನಷ್ಟವಿಲ್ಲ.

ಇಂತಹ ನಿಷೇಧಗಳು ನಮಗೆ ಹೊಸತಲ್ಲ ಎಂಬುದನ್ನು ಹೇಳದಿರಲಾರೆ. ಭೀಮೆಯ ದಡದ ಸನ್ನತಿಯಲ್ಲಿ ಅಶೋಕನ ಶಾಸನಗಳು ದೊರೆತಿರುವುದು ಪ್ರಸಿದ್ಧ. ಸನ್ನತಿಯ ಕಲ್ಲಿನಲ್ಲಿ ಮೀನಿನ ಮಾತಿಲ್ಲ. ಆದರೆ ಉತ್ತರ ಭಾರತದಲ್ಲಿರುವ ಆತನ ಐದನೆಯ ಸ್ತಂಭಶಾಸನದಲ್ಲಿ, ಚಾತುರ್ಮಾಸ್ಯದ ಹುಣ್ಣಿಮೆಗಳ ಆಸುಪಾಸಿನ ದಿನಗಳಲ್ಲಿ ಮೀನನ್ನು ಕೊಲ್ಲಬಾರದು, ಮಾರಲೂಬಾರದು ಎಂಬ ಆಜ್ಞೆಯಿದೆ.

ಅಣೆಕಟ್ಟುಗಳಿಂದ ಮೀನಿನ ಪಂಚಾಂಗವೂ ಬದಲಾಗಿದೆ. ಮೊದಲ ಮಳೆಯ ನೀರು ಮೇಲಣ ಜಲಾಶಯಗಳನ್ನು ತುಂಬಬೇಕು: ಕೃಷ್ಣೆಯಲ್ಲಿ ಆಲಮಟ್ಟಿ, ಭೀಮೆಯಲ್ಲಿ ಮಹಾರಾಷ್ಟ್ರದ ಉಜನಿ. ಅವು ತುಂಬಿ ಬಾಗಿಲು ತೆರೆಯುವ ತನಕ ಕೆಳಗಿನ ಮೀನು ಮೊಟ್ಟೆ ಹೊತ್ತು ಕಾಯಬೇಕಾಗುತ್ತದೆ. ತೀರ ತಡವಾದರೆ ಆ ಮೊಟ್ಟೆಗಳು ದೇಹದಲ್ಲಿಯೇ ಕರಗಿಹೋಗುತ್ತವೆ. ಏರಿ ಬಂದ ಮೀನು ಎತ್ತರದ ಕಟ್ಟೆಯನ್ನು ಹಾರಲಾರದೆ ಅದರ ಬುಡದಲ್ಲಿಯೇ ಗುಂಪುಗೂಡುತ್ತದೆ. ತೆರೆದ ಬಾಗಿಲನ್ನು ಥಟ್ಟನೆ ಮುಚ್ಚಿದರೆ ಬಂಡೆಗಳ ಸಂದಿನಲ್ಲಿ ಸಿಕ್ಕಿಬೀಳುತ್ತದೆ. ನದಿಯ ಮರಳನ್ನು ತಳಮಟ್ಟ ತೆಗೆಯುವುದರ ಕೆಡುಕು ಇನ್ನೊಂದು ಬಗೆಯದು. ಮರಳು ಒಣಗಿದಂತೆ ಕಂಡರೂ ಅದರೊಳಗೆ ನೀರು ಅಡಗಿರುತ್ತದೆ. ಅದು ಬೇಸಗೆಯಲ್ಲಿ ತಂಪಾಗಿ ಸ್ವಲ್ಪಸ್ವಲ್ಪವೇ ಮಡುವಿಗೆ ಜಿನುಗುತ್ತದೆ. ಮರಳು ಹೋದರೆ ಮಡುವಿನ ಈ ಒರತೆಯೂ ಹೋಗುತ್ತದೆ.

ವಿದ್ಯಾರ್ಥಿಗಳಾದವರು ಈ ವಿಷಯದ ಒಂದು ಭಾಗವನ್ನು ತಾವೇ ಪರೀಕ್ಷಿಸಬಹುದು. ಬೇಕಾದುದು ಪ್ರಯೋಗಶಾಲೆಯ ಒಂದು ಉಷ್ಣಮಾಪಕ, ಕಲ್ಲು ಕಟ್ಟಿದ ಒಂದು ಸೀಸೆ, ಅದರ ಬಿರಡೆಗೆ ಬೇರೆಯಾಗಿ ಕಟ್ಟಿದ ಒಂದು ದಾರ. ಕೃಷ್ಣೆಯಲ್ಲಿ ಮೊಸಳೆಗಳಿರುವುದರಿಂದ ಈ ಕೆಲಸವನ್ನು ನೀರಿಗಿಳಿಯದೆ, ಸೇತುವೆಯ ಮೇಲಿನಿಂದಲೇ ಮಾಡುವುದು ಕ್ಷೇಮ. ಸೀಸೆಯನ್ನು ಎರಡು ಮೀಟರು ಆಳಕ್ಕೆ ಇಳಿಸಿ, ಬಿರಡೆಯನ್ನು ಎಳೆದು, ತುಂಬಿದೊಡನೆ ಮೇಲೆತ್ತಿ ಉಷ್ಣಾಂಶವನ್ನು ಅಳೆಯಬೇಕು; ಮೇಲ್ಪದರದ ನೀರನ್ನೂ ಹಾಗೆಯೇ ಅಳೆಯಬೇಕು. ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ಸಂಜೆ ಆರಕ್ಕೆ, ಹೀಗೆ ಒಂದು ವಾರ ಬರೆದಿಟ್ಟುಕೊಂಡು, ಅದೇ ವೇಳೆಗಳಲ್ಲಿ ಬಲೆಗಾರರಿಗೆ ಎಷ್ಟು ಮೀನು ದೊರೆಯಿತೆಂಬುದನ್ನು ಪಕ್ಕದಲ್ಲಿ ಗುರುತುಹಾಕಬೇಕು. ಗಾಳಿ ಬೀಸಿದ ದಿನ ಮೇಲು ಕೆಳಗಿನ ಅಂಕೆಗಳು ಒಂದಕ್ಕೊಂದು ಹತ್ತಿರ ಬರುವುದನ್ನು ಆ ಪಟ್ಟಿಯಲ್ಲಿಯೇ ಕಾಣಬಹುದು.